ಕೆದಿಲಾಯರ ಹೆಲ್ಮೆಟ್ಟಿನ ಮಂಜು

ಹರಿದಾಸ ಕೆದಿಲಾಯರು ಉಸಿರನ್ನು ಕೆಳಕ್ಕೆ ಬಿಡುತ್ತಾರೆ. ಮೇಲ್ದುಟಿಯನ್ನು ಕೆಳದುಟಿಯ ಮೇಲೆ ಒಂದಿಷ್ಟು ಚಾಚಿ, ಬೇರೆಯವರು ಎದುರಿಗೆ ಬಿಡುವ ಗಾಳಿಯನ್ನು ಅವರು ಗಲ್ಲದ ಮೇಲಿಂದ ಎದೆಯ ಕಡೆಗೆ ಇಳಿಸಿಬಿಡುತ್ತಾರೆ. ಮಳೆಗಾಲದಲ್ಲಿ ಹೆಲ್ಮೆಟ್ಟಿನ ಗಾಜು ಮಸುಕಾಗದಿರಲೆಂದು ಮೂವತ್ತು ವರ್ಷ ರೂಢಿಸಿಕೊಂಡ ಈ ಅಭ್ಯಾಸ ಹೆಲ್ಮೆಟ್ಟು ಕಳಚಿದ ಮೇಲೂ ಅವರನ್ನು ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅವರೊಡನೆ ಮಾತಿಗೆ ನಿಂತವರಿಗೆ, ಇವರು ತಮ್ಮ ಅಂಗಿಯ ಎರಡನೆಯ ಗುಂಡಿಗೆ ಏನೋ ಗುಟ್ಟು ಹೇಳುತ್ತಿದ್ದಾರೆ ಎಂದೇ ತೋರುತ್ತದೆ. ಬಿಸಿ ಕಾಫಿಯನ್ನು ಊದಿ ಆರಿಸಲು ಹೊರಟರೆ ಗಾಳಿ ಲೋಟಕ್ಕೆ ತಲುಪದೆ ಪಂಚೆಗೆ ಹೋಗುತ್ತದೆ. ಹೆಂಡತಿ ಪಂಕಜಾಕ್ಷಿ ಮಳೆಗಾಲದಲ್ಲಿ ಅವರಿಗೆ ಕಾಫಿಯನ್ನು ಆರಿಸಿಯೇ ಕೊಡುತ್ತಾರೆ.

ಕೆದಿಲಾಯರಿಗೆ ಐವತ್ತೇಳು ವರ್ಷ. ಮನೆ ಪಡೀಲಿನಲ್ಲಿ, ಕೆಲಸ ಸುರತ್ಕಲ್ಲಿನ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ. ಲ್ಯಾಬು ತೆರೆಯುವುದು ಒಂಬತ್ತಕ್ಕೆ, ಆದರೆ ಅವರು ಮನೆ ಬಿಡುವುದು ಬೆಳಿಗ್ಗೆ ಐದಕ್ಕೆ. ಕಾಲೇಜಿನ ಈಚೆ ಇರುವ ಸಣ್ಣ ದುರ್ಗೆಯ ಗುಡಿಯಲ್ಲಿ ಆರು ಗಂಟೆಯ ಪೂಜೆ ಅವರದು. ತಂದೆ ಮಾಡುತ್ತಿದ್ದ ಪೂಜೆ, ಅವರ ನಂತರ ಇವರ ಕೈಗೆ ಬಂದು ಮೂವತ್ತೊಂದು ವರ್ಷವಾಯಿತು. ಅಷ್ಟು ಹೊತ್ತಿಗೆ ಮುಂಚೆ ಅಲ್ಲಿಗೆ ಮುಟ್ಟಿಸುವ ಬಸ್ಸಿಲ್ಲದ ಕಾರಣ ಮೋಟರ್‌ಸೈಕಲ್ಲೇ ಗತಿ. ದಾರಿ ಹತ್ತೊಂಬತ್ತು ಕಿಲೋಮೀಟರು ಎಂದು ಯಾರಾದರೂ ಹೇಳಿದರೆ ಅವರು ಹದಿನೆಂಟು ಬಿಂದು ಏಳು ಎಂದು ತಿದ್ದುತ್ತಾರೆ. ‘ಸುಮಾರು’ ಎಂಬ ಪದ ಅವರ ಕಿವಿಗೆ ಆಗುವುದಿಲ್ಲ. ಸುಮಾರು ಹತ್ತು ಜನ ಇದ್ದರು ಎಂದರೆ, ಸುಮಾರು ಅಂದರೆ ಎಷ್ಟು ಎಂಬ ಪ್ರಶ್ನೆ ಕೂಡಲೇ ಬರುತ್ತದೆ.

ಅವರ ರೇನ್‌ಕೋಟಿನ ವಿಷಯವನ್ನೂ ಹೇಳಬೇಕು. ಎದುರಿನ ಗಾಳಿ ಮಳೆಯನ್ನು ಗುಂಡಿಗಳ ಸಂದಿಯಿಂದಲೇ ಒಳಗೆ ತಳ್ಳುತ್ತದೆ, ಬೆನ್ನಿನ ಕಡೆ ಸಂದಿಯೇ ಇಲ್ಲ, ಆದ್ದರಿಂದ ಕೋಟನ್ನು ಹಿಂದುಮುಂದಾಗಿ ತೊಡುವುದೇ ಸರಿ ಎಂದು ಅವರು ಎಂದೋ ತೀರ್ಮಾನಿಸಿದ್ದರು. ತೊಟ್ಟವರು ಗುಂಡಿ ಹಾಕಿಕೊಳ್ಳುವುದು ಹೇಗೆ ಎಂಬುದಕ್ಕೆ ಉತ್ತರ ಪಂಕಜಾಕ್ಷಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಎರಡು ವರ್ಷದ ಹಿಂದೆ ಸ್ವಯಂನಿವೃತ್ತಿ ಪಡೆದ ಪಂಕಜಾಕ್ಷಿ ದಿನಾ ಐದಕ್ಕೆ ಮೂರು ನಿಮಿಷವಿರುವಾಗ ಜಗಲಿಯಲ್ಲಿ ನಿಂತು ಗಂಡನ ಬೆನ್ನಿನ ಮೇಲೆ ಏಳು ಗುಂಡಿ ಹಾಕುತ್ತಾರೆ. ಆ ಸಂಸಾರದ ಮುಖ್ಯ ಮಾತುಗಳು, ಮಗಳ ಮದುವೆಯ ನಿಶ್ಚಯವೂ ಸೇರಿದ ಹಾಗೆ, ಒಂದನೆಯ ಗುಂಡಿಗೂ ಏಳನೆಯದಕ್ಕೂ ನಡುವೆ ಆದವು.

ಮಳೆಯಲ್ಲಿ ಹೆಲ್ಮೆಟ್ಟಿನ ಗಾಜಿಗೆ ಕವಿಯುವ ಮಸುಕಿನ ಬಗ್ಗೆ ಕೆದಿಲಾಯರದು ಒಂದು ಸಿದ್ಧಾಂತವಿತ್ತು. ಹೊರಗಿನದು ಮಳೆ, ಒಳಗಿನದು ಉಸಿರು. ಎರಡಕ್ಕೂ ಒಂದೇ ಮದ್ದು ಹುಡುಕುವವನು ಎರಡನ್ನೂ ಕೆಡಿಸುತ್ತಾನೆ. ಹೊರಗಿನ ಹನಿಗೆ ಅವರು ಎಡಗೈಯ ಗ್ಲೌಸಿನ ಹೆಬ್ಬೆರಳಿಗೆ ಹಳೆಯ ಸೈಕಲ್ ಟ್ಯೂಬಿನ ಒಂದು ಪಟ್ಟಿ ಹೊಲಿದುಕೊಂಡಿದ್ದರು, ಒಮ್ಮೆ ಅಡ್ಡ ಎಳೆದರೆ ನೀರು ಹೋಗುತ್ತಿತ್ತು. ವೇಗ ನಲವತ್ತೈದು ದಾಟಿದ ಮೇಲೆ ಮುಖವನ್ನು ತುಸು ಓರೆ ಮಾಡಿದರೆ ಉಳಿದದ್ದನ್ನು ಗಾಳಿಯೇ ಒರೆಸುತ್ತಿತ್ತು. ತೊಂದರೆ ಇದ್ದದ್ದು ಒಳಗಿನ ಮಂಜಿನಲ್ಲಿ. ಗಾಜನ್ನು ಎತ್ತಿ ಓಡಿಸೋಣವೆಂದರೆ ಹೆದ್ದಾರಿಯ ಟ್ಯಾಂಕರುಗಳು ಎಬ್ಬಿಸುವ ಕೆಸರುನೀರು ಸೀದಾ ಕಣ್ಣಿಗೆ. ಹಾಗಾಗಿ ಅವರು ಶೇವಿಂಗ್ ಸೋಪು ಹಚ್ಚಿ ನೋಡಿದರು, ಅದು ನಂತೂರಿನವರೆಗೆ ಬಂತು. ಟೂತ್‌ಪೇಸ್ಟು ಗಾಜಿಗೆ ಗೀರು ಹಾಕಿತು. ಹೆಚ್ಚಿದ ಬಟಾಟೆಯನ್ನು ಉಜ್ಜಿದ ಮಾರನೆಯ ದಿನ ಗಾಜಿನ ಒಳಮೈಯಲ್ಲಿ ಒಂದು ಇರುವೆ ಹುಟ್ಟಿಕೊಂಡು, ಪಂಪ್‌ವೆಲ್ಲಿನ ಮೇಲ್ಸೇತುವೆ ಹತ್ತಿ ಇಳಿಯುವವರೆಗೂ ಅವರ ಎಡಗಣ್ಣಿನಿಂದ ಬಲಗಣ್ಣಿಗೆ ನಿಧಾನವಾಗಿ ನಡೆದುಹೋಯಿತು. ಇವೆಲ್ಲ ಒಂದು ಉದ್ದ ಪುಸ್ತಕದಲ್ಲಿ ದಾಖಲಾಗಿವೆ: ತಾರೀಕು, ಉಷ್ಣತೆ, ಗಾಳಿಯ ತೇವಾಂಶ, ಹಚ್ಚಿದ ವಸ್ತು, ಮಂಜು ಶುರುವಾದ ಜಾಗ.

ಪಂಪ್‌ವೆಲ್ಲಿನಲ್ಲಿ ಹೆಲ್ಮೆಟ್ಟು, ಸೀಟಿನ ಕವರು ಮಾರುವ ಬೊನಿಫಾಸ್‌ಗೆ ಈ ಪುಸ್ತಕವೆಂದರೆ ತಮಾಷೆ. ಎಳೆಯ ಪ್ರಾಯದಲ್ಲಿ ಸಮುದ್ರದಲ್ಲಿ ಮುಳುಗಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದ ಮನುಷ್ಯ ಅವನು. ನೀರಿಗಿಳಿಯುವ ಕನ್ನಡಕಕ್ಕೆ ಏನು ಮಾಡುತ್ತಿದ್ದರೋ ಅದನ್ನೇ ಇಲ್ಲೂ ಮಾಡಿ ಎಂಬುದು ಅವನ ಸಲಹೆ.

“ಒಮ್ಮೆ ಉಗುಳಿ ಉಜ್ಜಿ ಭಟ್ರೇ. ಹತ್ತು ಪೈಸೆ ಖರ್ಚಿಲ್ಲ.”

“ಎಂಜಲು ಮಾರಾಯ.”

“ನಿಮ್ಮದೇ ಅಲ್ವಾ? ನೆರೆಮನೆಯವರದ್ದು ಅಲ್ಲವಲ್ಲ.”

ಉಗುಳು ಕೆಲಸ ಮಾಡುತ್ತದೆ ಎಂಬುದರಲ್ಲಿ ಲ್ಯಾಬಿನ ಕೆದಿಲಾಯರಿಗೆ ಸಂಶಯವಿರಲಿಲ್ಲ. ಪೂಜೆಯ ಕೆದಿಲಾಯರು ಒಪ್ಪಲಿಲ್ಲ. ಗುಡಿಯ ಬಾವಿಕಟ್ಟೆಯಲ್ಲಿ ಪುನಃ ಸ್ನಾನ ಮಾಡುತ್ತೀರಲ್ಲ, ಮತ್ತೇನು ಎಂದು ಪಂಕಜಾಕ್ಷಿ ಕೇಳಿದ್ದಕ್ಕೆ, ಸ್ನಾನ ಮೈಗೆ, ದೇವರ ಹತ್ತಿರ ಹೋಗುವ ದಾರಿಯನ್ನು ಎಂಜಲಿನೊಳಗಿಂದ ನೋಡುತ್ತಾ ಹೋಗುವುದು ಬೇರೆ ಎಂದು ಅಂಗಿಯ ಗುಂಡಿಗೆ ಹೇಳಿದರು.

ಇಷ್ಟೆಲ್ಲ ನಗುವಿನ ಸಂಗತಿಯಾಗಿಯೇ ಉಳಿಯುತ್ತಿತ್ತು, ಹೋದ ವರ್ಷದ ಜುಲೈಯಲ್ಲಿ ಕೂಳೂರು ಸೇತುವೆ ದಾಟಿದ ಮೇಲೆ ಅವರು ನೀರು ತುಂಬಿದ ಹೊಂಡವೊಂದನ್ನು ಕಾಣದೆ ಬೀಳದಿದ್ದರೆ. ಎಡಗೈಯ ಮಣಿಗಂಟು ಮುರಿಯಿತು. ಆರು ವಾರ ಪೂಜೆಯನ್ನು, ಸುರತ್ಕಲ್ಲಿನಲ್ಲೇ ಮನೆ ಇರುವ ತಮ್ಮನ ಮಗ ವಿಶ್ವೇಶ ಮಾಡಿದ. ಚೆನ್ನಾಗಿಯೇ ಮಾಡಿದ, ಮುಂದೆಯೂ ಮಳೆಗಾಲದಲ್ಲಿ ತಾನೇ ಮಾಡುತ್ತೇನೆ, ದೊಡ್ಡಪ್ಪ ಸಂಕೋಚ ಪಡುವುದು ಬೇಡ ಎಂದೂ ಪ್ರೀತಿಯಿಂದ ಹೇಳಿದ. ಕೆದಿಲಾಯರು ಆ ಪ್ರೀತಿಗೆ ತಲೆಯಾಡಿಸಿ, ಆ ದಿನ ಮಧ್ಯಾಹ್ನ ಊಟ ಅರ್ಧಕ್ಕೆ ಬಿಟ್ಟು ಎದ್ದರು. ನಾಲ್ಕು ತಿಂಗಳು ಬಿಟ್ಟುಕೊಟ್ಟ ಪೂಜೆ ಮತ್ತೆ ಎಂಟು ತಿಂಗಳಿಗೆ ಮರಳಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಪಂಕಜಾಕ್ಷಿಗೂ ಗೊತ್ತಿತ್ತು. ಆದರೆ ಗಂಡ ಬಿದ್ದ ಬೆಳಿಗ್ಗೆ ಅಪರಿಚಿತನೊಬ್ಬ ಅವರ ಫೋನಿನಿಂದ ಕರೆ ಮಾಡಿ ಮಾತಾಡಿದ್ದನ್ನು ಅವರು ಮರೆತಿರಲಿಲ್ಲ. ದಿನಾ ಐದರಿಂದ ಐದೂ ಮುಕ್ಕಾಲರವರೆಗೆ ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡೇ ಕೂರುತ್ತಿದ್ದರು. ಈ ವರ್ಷದ ಮೊದಲ ಮಳೆಗೆ, ನಾಲ್ಕನೆಯ ಗುಂಡಿ ಹಾಕುತ್ತಾ, ಅವರು ತೀರ್ಪು ಹೇಳಿದರು. ಆಗಸ್ಟ್ ನಡುವಿನಲ್ಲಿ ಆಟಿ ತಿಂಗಳು ಮುಗಿಯುವುದರೊಳಗೆ ಸಾಲಾಗಿ ಹತ್ತು ಬೆಳಿಗ್ಗೆ ಮಂಜಿಲ್ಲ ಎಂದು ಪುಸ್ತಕದಲ್ಲಿ ಕಾಣಬೇಕು. ಕಾಣದಿದ್ದರೆ ಮಳೆಗಾಲದ ಪೂಜೆ ವಿಶ್ವೇಶನಿಗೆ. ಕೆದಿಲಾಯರು ವಾದಿಸಲಿಲ್ಲ. ಹತ್ತು ಎಂಬುದು ಸರಿಯಾದ ಸಂಖ್ಯೆಯಾಗಿತ್ತು, ಸುಮಾರು ಅಲ್ಲ.

ಮದ್ದು ಸಿಕ್ಕಿದ್ದು ಗುಡಿಯಲ್ಲೇ. ಬೆಳ್ಳಿಯ ಕವಚ ತೊಳೆಯಲು ಅಂಟುವಾಳದ ಕಾಯಿಯನ್ನು ನೀರಲ್ಲಿ ನೆನೆಹಾಕಿದ್ದರು. ನೊರೆ ಕಂಡ ಕೂಡಲೇ ಕೆದಿಲಾಯರಿಗೆ ಹೊಳೆಯಿತು: ಸೋಪಿನ ಕೆಲಸವನ್ನೇ ಮಾಡುವ ವಸ್ತು, ಆವಿಯನ್ನು ಹನಿಯಾಗಲು ಬಿಡದೆ ತೆಳ್ಳಗೆ ಹರಡಿಸುತ್ತದೆ, ಮತ್ತು ಇದರಷ್ಟು ಮಡಿಯಾದದ್ದು ಮತ್ತೊಂದಿಲ್ಲ. ಆ ಖುಷಿಯಲ್ಲಿ ಅವರು ತಮ್ಮ ಸಿದ್ಧಾಂತವನ್ನೇ ಮರೆತು ಗಾಜಿನ ಹೊರಮೈಗೂ ದಪ್ಪಗೆ ಬಳಿದುಬಿಟ್ಟರು. ಸಂಜೆ ಹಿಂದಿರುಗುವಾಗ ಹೊಡೆದ ಮಳೆಗೆ ಅವರ ತಲೆ ನೊರೆಯಾಯಿತು. ಪಂಪ್‌ವೆಲ್ಲಿನಲ್ಲಿ ಬೊನಿಫಾಸ್ ಅಂಗಡಿಯಿಂದ ಇಳಿದು ಬಂದು, ಹೆಲ್ಮೆಟ್ಟಿನಿಂದ ಕೋಟಿಗೆ, ಕೋಟಿನಿಂದ ಪೆಟ್ರೋಲ್ ಟ್ಯಾಂಕಿಗೆ ಇಳಿಯುತ್ತಿದ್ದ ನೊರೆಯನ್ನು ಸ್ವಲ್ಪ ಹೊತ್ತು ಗೌರವದಿಂದ ನೋಡಿದ.

“ಶೇವಿಂಗ್ ಅರ್ಧದಲ್ಲಿ ಬಿಟ್ಟು ಬಂದದ್ದಾ ಭಟ್ರೇ?”

ಕಣ್ಣು ಎರಡು ದಿನ ಉರಿಯಿತು. ಮೂರನೆಯ ದಿನದಿಂದ ಒಳಮೈಗೆ ಮಾತ್ರ, ಒಂದೇ ಬೆರಳಿನಷ್ಟು, ಹಳೆಯ ಪಂಚೆಯ ಚೂರಿನಿಂದ ಒಣಗುವವರೆಗೆ ಉಜ್ಜಿ. ಸಂಜೆಯ ದಾರಿಯಲ್ಲಿ ಫಲಿತಾಂಶ ಅದ್ಭುತವಾಗಿತ್ತು. ಸುರತ್ಕಲ್ಲಿನಿಂದ ಪಡೀಲಿನವರೆಗೆ ಗಾಜೇ ಇಲ್ಲವೆಂಬ ಹಾಗೆ ದಾರಿ ಕಂಡಿತು. ಆದರೆ ಬೆಳಿಗ್ಗೆ, ಅದೇ ಗಾಜು, ಅದೇ ಅಂಟುವಾಳ, ಕೂಳೂರು ಸೇತುವೆಯ ಹೊತ್ತಿಗೆ ಬೆಳ್ಳಗೆ. ಅವರು ಬೆಳಗಿನ ತಂಪನ್ನು ಸಂಶಯಿಸಿದರು, ನದಿಯ ಗಾಳಿಯನ್ನು ಸಂಶಯಿಸಿದರು, ಟಯರಿನ ಒತ್ತಡವನ್ನೂ ಬರೆದಿಟ್ಟರು. ಆಟಿ ಮುಗಿಯಲು ಹದಿಮೂರು ದಿನ ಉಳಿದಿರುವಾಗ ಪುಸ್ತಕದಲ್ಲಿ ಮಂಜಿಲ್ಲದ ಬೆಳಿಗ್ಗೆ ಎಂದು ಇದ್ದದ್ದು ಎರಡು, ಆ ಎರಡು ದಿನವೂ ಅವರಿಗೆ ಶೀತವಾಗಿ ಗಂಟಲು ಕಟ್ಟಿತ್ತು. ವಿಶ್ವೇಶನಿಗೆ ಅವರು ಕವಚದ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ ಎಂದು ಹೇಳಿಕೊಟ್ಟರು. ಅದನ್ನು ಕೇಳಿ ಪಂಕಜಾಕ್ಷಿಗೆ ತಮ್ಮ ತೀರ್ಪಿನ ಮೇಲೆಯೇ ಸಿಟ್ಟು ಬಂತು.

ಆ ಆದಿತ್ಯವಾರ ಅವರು ತಾನೂ ಬರುತ್ತೇನೆಂದು ಹೊರಟರು. ಬೊನಿಫಾಸ್‌ನ ಅಂಗಡಿಯ ಹೊಸ ಹೆಲ್ಮೆಟ್ಟು ತಲೆಯ ಮೇಲೆ, ಕೈ ಗಂಡನ ಬೆನ್ನಿನ ಮೇಲೆ, ಮಳೆ ಎಲ್ಲೆಡೆ. ಪಂಪ್‌ವೆಲ್ ದಾಟುವಾಗ ಅಂಗೈಗೆ ಒಂದು ಕಂಪನ ತಿಳಿಯಿತು, ಇಂಜಿನ್ನಿನದು ಇರಬೇಕು ಎಂದುಕೊಂಡರು. ನಂತೂರಿನಲ್ಲಿ ಲಾರಿಯೊಂದು ಅಡ್ಡ ಬಂದು ಕೆದಿಲಾಯರು ಬ್ರೇಕು ಹಿಡಿದರು. ಪಂಕಜಾಕ್ಷಿಯ ಹೆಲ್ಮೆಟ್ಟು ಮುಂದೆ ಹೋಗಿ ಗಂಡನ ಹೆಲ್ಮೆಟ್ಟಿಗೆ ತಾಗಿ ನಿಂತಿತು. ಗಟ್ಟಿ ವಸ್ತುವಿನ ಮೂಲಕ ಸದ್ದು ಚೆನ್ನಾಗಿ ಹರಿಯುತ್ತದೆ. ಮಳೆಯ ಗದ್ದಲದ ನಡುವೆ ಅವರಿಗೆ ಗಂಡನ ಸ್ವರ, ಗರ್ಭಗುಡಿಯೊಳಗಿನಿಂದ ಬಂದಷ್ಟು ಸ್ಪಷ್ಟವಾಗಿ, ದೇವಿಯ ಸಹಸ್ರನಾಮ ಹೇಳುತ್ತಿರುವುದು ಕೇಳಿಸಿತು. ದಾರಿಯಲ್ಲಿ ನಾಮ ಮುಗಿಸುತ್ತೇನೆ ಎಂದು ಅವರು ಹೇಳುವುದನ್ನು ಪಂಕಜಾಕ್ಷಿ ಮದುವೆಯಾದಾಗಿನಿಂದ ಕೇಳಿದ್ದರು. ಮನಸ್ಸಿನಲ್ಲಿ ಎಂದೇ ತಿಳಿದಿದ್ದರು.

ಗುಡಿಯ ಅಂಗಳದಲ್ಲಿ ಇಳಿದು, ಕೋಟಿನ ಗುಂಡಿ ಬಿಚ್ಚುತ್ತಾ ಅವರು ಕೇಳಿದರು.

“ನಾಮ ಬಾಯಿ ಬಿಟ್ಟು ಹೇಳ್ತೀರಾ?”

“ಮತ್ತೆ? ಮನಸ್ಸಲ್ಲಿ ಹೇಳಿದ್ರೆ ಲೆಕ್ಕ ತಪ್ತದೆ.”

“ಸಂಜೆ ಬರುವಾಗ?”

“ಸಂಜೆ ಎಂತ ನಾಮ ಮಾರಾಯ್ತಿ. ಸಂಜೆ ಬರೀ ಬರುವುದು.”

ಪಂಕಜಾಕ್ಷಿ ಚೀಲದಿಂದ ಪುಸ್ತಕ ತೆಗೆದು ಅವರ ಮುಂದೆ ಹಿಡಿದರು. “ಇದರಲ್ಲಿ ತೇವ ಉಂಟು, ಗಾಳಿ ಉಂಟು, ಟಯರು ಕೂಡ ಉಂಟು. ಬಾಯಿ ಎಲ್ಲಿ ಉಂಟು?”

ಕೆದಿಲಾಯರು ಬಾವಿಕಟ್ಟೆಯ ಹತ್ತಿರ ಒಂದು ಕಾಲು ಗಂಬೂಟಿನಲ್ಲಿ, ಇನ್ನೊಂದು ಕಾಲು ಹೊರಗೆ, ಹಾಗೆಯೇ ನಿಂತುಬಿಟ್ಟರು. ಸಾವಿರ ನಾಮ, ಮೂವತ್ತೆಂಟು ನಿಮಿಷ, ಮುಚ್ಚಿದ ಹೆಲ್ಮೆಟ್ಟು. ನಾಮ ಹೇಳುವ ತುಟಿ ಉಸಿರನ್ನು ಕೆಳಕ್ಕೆ ಇಳಿಸಲಾರದು. ಗಂಟಲು ಕಟ್ಟಿದ ಎರಡು ದಿನಗಳೂ ಅವರ ಲೆಕ್ಕಕ್ಕೆ ಬಂದಿರಬೇಕು. ಕೊನೆಗೆ ಅವರು ತುಂಬ ಮೆಲ್ಲಗೆ, “ಅದು ಪ್ರಯೋಗದ ಒಳಗೆ ಬರುವುದಿಲ್ಲ ಅಂತ ಗ್ರಹಿಸಿದ್ದೆ,” ಎಂದರು.

ಸೋಮವಾರ ಅವರು ಬಾಯಿ ಮುಚ್ಚಿ ಹೋದರು. ಗಾಜು ಕೊನೆಯವರೆಗೂ ತಿಳಿಯಾಗಿತ್ತು. ಆದರೆ ಪೂಜೆ ಇಪ್ಪತ್ತೆರಡು ನಿಮಿಷ ತಡವಾಯಿತು. ಬೈಕಂಪಾಡಿಯಲ್ಲಿ ಟ್ಯಾಂಕರೊಂದು ಪಕ್ಕದಿಂದ ಹಾದಾಗ ಮನಸ್ಸು ಎಷ್ಟನೆಯ ನಾಮದಲ್ಲಿತ್ತೆಂಬುದು ಹಾರಿಹೋಗಿ, ಗುಡಿಯ ಮೆಟ್ಟಿಲ ಮೇಲೆ ನಿಂತು ಮೊದಲಿನಿಂದ ಹೇಳಿದ್ದರು. ರಸ್ತೆ ಕಂಡಿತು, ದೇವಿ ತಪ್ಪಿಹೋದಳು ಎಂಬ ಅರ್ಥದ ಮಾತೊಂದನ್ನು ಸಂಜೆ ಅವರು ಲೋಟದ ಕಾಫಿಗೆ ಹೇಳಿಕೊಂಡರು.

ಮಂಗಳವಾರ ಐದಕ್ಕೆ ಮೂರು ನಿಮಿಷವಿರುವಾಗ ಪಂಕಜಾಕ್ಷಿ ಏಳೂ ಗುಂಡಿ ಹಾಕಿ, ತಾವೂ ಕೋಟು ತೊಟ್ಟು, ಹೆಲ್ಮೆಟ್ಟು ಎತ್ತಿಕೊಂಡರು.

“ನೀವು ರಸ್ತೆ ನೋಡಿ. ನಾಮ ನಾನು ಹೇಳ್ತೇನೆ. ನನಗೆ ಎಂತ ಕಾಣ್ಬೇಕು ಹಿಂದೆ ಕೂತು?”

ಅವರು ತಮ್ಮ ಹೆಲ್ಮೆಟ್ಟನ್ನು ಗಂಡನ ಹೆಲ್ಮೆಟ್ಟಿಗೆ ತಾಗಿಸಿ ಶುರು ಮಾಡಿದರು. ಪಂಪ್‌ವೆಲ್ಲಿಗೆ ಮುಂಚೆಯೇ ಅವರ ಗಾಜು ಪೂರ್ತಿ ಬೆಳ್ಳಗಾಯಿತು. ಆಮೇಲೆ ಬಂದ ನಂತೂರು, ಕೂಳೂರು, ಪಣಂಬೂರು ಯಾವುದನ್ನೂ ಅವರು ಕಾಣಲಿಲ್ಲ. ನಡುವೆ ಒಂದು ನಾಮ ಬಿಟ್ಟುಹೋದಾಗ ಮುಂದಿನ ಸೀಟಿನಿಂದ ಒಂದು ಕೆಮ್ಮು ಬಂತು, ಅವರು ಹಿಂದೆ ಹೋಗಿ ಸರಿಪಡಿಸಿದರು. ಒಂದು ವರ್ಷದಿಂದ ಮನೆಯಲ್ಲಿ ಕೂತು ರಸ್ತೆಯ ಪ್ರತಿ ಹೊಂಡವನ್ನೂ ಕಣ್ಣಮುಂದೆ ತಂದುಕೊಂಡು ಹೆದರುತ್ತಿದ್ದ ಹೆಂಗಸು, ಈಗ ಆ ಹೊಂಡಗಳ ಮೇಲೆಯೇ, ಏನೊಂದೂ ಕಾಣದೆ ಹೋಗುತ್ತಾ, ಮುಂದಿನ ನಾಮ ಯಾವುದೆಂಬ ಯೋಚನೆಯೊಂದನ್ನು ಬಿಟ್ಟು ಬೇರೆ ಯೋಚನೆ ಇಲ್ಲದೆ ಕೂತಿದ್ದರು. ಸೋಮವಾರದಿಂದ ಲೆಕ್ಕ ಹಿಡಿದು ಹತ್ತು ಬೆಳಿಗ್ಗೆಗಳು ಆಟಿ ಮುಗಿಯಲು ಮೂರು ದಿನವಿರುವಾಗ ತುಂಬಿದವು. ಪುಸ್ತಕದಲ್ಲಿ ಹೊಸದೊಂದು ಕಾಲಂ ಎಳೆದು, ಅದರ ತಲೆಯಲ್ಲಿ ಕೆದಿಲಾಯರು ‘ನಾಮ: ಪಂಕಜಾಕ್ಷಿ’ ಎಂದು ಬರೆದಿದ್ದಾರೆ. ಹನ್ನೊಂದನೆಯ ದಿನವೂ ಪಂಕಜಾಕ್ಷಿ ಹಿಂದಿನ ಸೀಟು ಹತ್ತಿ ಹೋದರು.

ಎಲ್ಲವನ್ನೂ ಅಳೆದು ಬದುಕುವ ಒಂದು ಜಾತಿಯ ಜನ ಪ್ರತಿ ಊರಿನಲ್ಲೂ ಇರುತ್ತಾರೆ. ನಾವು ಅವರನ್ನು ನೋಡಿ ನಗುತ್ತೇವೆ, ಮತ್ತೆ ನಮ್ಮ ಗಡಿಯಾರವನ್ನು ಅವರ ಗಡಿಯಾರಕ್ಕೇ ಹೊಂದಿಸಿಕೊಳ್ಳುತ್ತೇವೆ. ಗಾಳಿ, ನೀರು, ಕಬ್ಬಿಣ, ಎಲ್ಲದರ ಮೇಲೂ ಸಂಶಯಪಡುವ ಈ ಪ್ರಾಮಾಣಿಕರು ಒಂದರ ಮೇಲೆ ಮಾತ್ರ ಎಂದೂ ಸಂಶಯಪಡುವುದಿಲ್ಲ, ಅದು ಅವರು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವ ವಸ್ತು. ಅವರ ತಪ್ಪು ಇರುವುದೂ ಬಹಳ ಸಲ ಅಲ್ಲಿಯೇ. ಅದನ್ನು ತೋರಿಸಿಕೊಡಬಲ್ಲವರು, ತೋರಿಸಿಕೊಟ್ಟ ಮೇಲೆ ಆ ಪ್ರೀತಿಯ ಅರ್ಧ ಭಾರವನ್ನು ತಾವು ಹೊತ್ತುಕೊಳ್ಳುವವರು, ಈ ಅಳೆಯುವ ಜನರಿಗೆ ಹೇಗೋ ಒಬ್ಬರು ಸಿಕ್ಕಿಯೇ ಸಿಗುತ್ತಾರೆ. ಅವರ ಅದೃಷ್ಟ ಅಷ್ಟು ದೊಡ್ಡದು, ಮತ್ತು ಅವರು ಈವರೆಗೂ ಅಳೆದು ನೋಡದ ಸಂಗತಿ ಅದೊಂದೇ ಇರಬೇಕು.