ಅಮವಾಸ್ಯೆಯ ಮರುದಿನ ನಿಲ್ಲುವ ಕಾರು

ದೆವ್ವ ಹಿಡಿದಿದೆ ಎಂದು ನನ್ನ ಅಂಗಡಿಗೆ ಬಂದ ಗಾಡಿಗಳು ಇಲ್ಲಿಯವರೆಗೆ ಹನ್ನೊಂದು. ಒಂಬತ್ತರಲ್ಲಿ ಇಲಿ ವೈರು ಕಡಿದಿತ್ತು. ಒಂದರಲ್ಲಿ ಯಾರೋ ಮಹಾಶಯ ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿಕಾಗದ ತುರುಕಿದ್ದ. ಹನ್ನೊಂದನೆಯದು ಜಕ್ಕಪ್ಪನ ಬಿಳಿ ಕಾರು. ಅದರ ವಿಷಯ ಹೇಳಲು ಕುಳಿತರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ನನ್ನ ಹೆಸರು ಇಬ್ರಾಹಿಮ. ಹಾರೂಗೇರಿ ಬಸ್ ಸ್ಟ್ಯಾಂಡಿನ ಹಿಂದೆ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರ ದೂರು. ಇರಲಿ. ಎಂಜಿನ್ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಟೈರು ಒಡೆದರೆ ಕಿವಿಗೆ ಕೇಳುತ್ತದೆ, ಕರೆಂಟು ಮಾತ್ರ ಹೇಳದೆ ಕೇಳದೆ ಹೋಗಿಬಿಡುತ್ತದೆ. ಕಾಣದ್ದನ್ನು ದಿನವಿಡೀ ಹುಡುಕುವವನಿಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಎರಡು ಸಾವಿರದ ಒಂಬತ್ತನೇ ಇಸವಿ, ಏಪ್ರಿಲ್ ತಿಂಗಳು. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಕಾರು ಅಂಗಡಿಯ ಮುಂದೆ ನಿಂತಿತ್ತು. ಪಕ್ಕದಲ್ಲಿ ಜಕ್ಕಪ್ಪನ ತಮ್ಮ ಜ್ಞಾನದೇವ ನಿಂತಿದ್ದ. ಹಿಂದಿನ ಸೀಟಿನಲ್ಲಿ ಜಕ್ಕಪ್ಪನ ಹೆಂಡತಿ ಶಿವಗಂಗವ್ವ ಕಿಟಕಿಯ ಕಡೆ ಸರಿದು, ಅರ್ಧ ಸೀಟು ಖಾಲಿ ಬಿಟ್ಟು ಕುಳಿತಿದ್ದಳು.

ಜಕ್ಕಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ನೌಕರಿಯಲ್ಲಿದ್ದ. ಆರು ತಿಂಗಳ ಹಿಂದೆ, ಕಬ್ಬಿನ ಹಂಗಾಮು ಆಗಷ್ಟೇ ಶುರುವಾದಾಗ, ಎದೆನೋವೆಂದು ಇದೇ ಕಾರಿನ ಹಿಂದಿನ ಸೀಟಿನಲ್ಲಿ, ಹೆಂಡತಿಯ ಪಕ್ಕ, ರಾಯಬಾಗದ ದವಾಖಾನೆಗೆ ಹೊರಟವನು ಕೆನಾಲಿನ ಸೇತುವೆಯ ಮೇಲೆಯೇ ಸತ್ತ. ದಾರಿಯಲ್ಲಿ ಗಾಡಿ ಕೈಕೊಟ್ಟಿತ್ತು ಎಂದು ಮಣ್ಣಿಗೆ ಹೋದಾಗ ಕೇಳಿದ್ದೆ. ಅವಸರದಲ್ಲಿ ಪೆಟ್ರೋಲ್ ನೋಡಿರಲಿಕ್ಕಿಲ್ಲ ಎಂದುಕೊಂಡು ಸುಮ್ಮನಾಗಿದ್ದೆ.

"ಮಿಸ್ತ್ರಿ, ಇದನ್ನ ಮಾರಿಬಿಡೂಣು ಅಂತೀನಿ, ಹಿಂದ ಕುಂತ ನಮ್ಮ ವೈನಿ ಬ್ಯಾಡ ಅಂತಾರ," ಎಂದ ಜ್ಞಾನದೇವ. "ಅಮಾಸಿ ಮರದಿನ ಆ ಕೆನಾಲ ಪೂಲಿನ ಮ್ಯಾಲ ಹೋದ್ರ ಸಾಕು, ಗಪ್ ಅಂತ ನಿಂದರತೈತಿ. ಹಾರ್ನ್ ಇಲ್ಲ, ಲೈಟ್ ಇಲ್ಲ, ಸೆಲ್ಫ್ ಹೊಡಿಯಂಗಿಲ್ಲ. ಅಣ್ಣ ಹೋದ ಮ್ಯಾಲ ನಾಕ ಸಲ ಆತು. ಅತ್ತಾಗ ಇತ್ತಾಗ ಅಳ್ಳಾಡಿಸಿದ್ರ ತಂತಾನ ಚಾಲೂ ಆಗತೈತಿ. ರಾಯಬಾಗದಾಗ ಎರಡ ಕಡೆ ತೋರ್ಸೀವಿ. ಬ್ಯಾಟರಿ ಚಾರ್ಜ್ ಮಾಡಿ ಕೊಟ್ರು, ಫ್ಯೂಸ್ ಬದಲ ಮಾಡಿ ಕೊಟ್ರು."

"ರಾಯಬಾಗದಾಗ ಅಷ್ಟ ಶಾಣ್ಯಾರ ಅದಾರಂದ್ರ ಅಲ್ಲೇ ಹೋಗ್ರಿ. ನನ್ನ ಕಡೆ ಯಾಕ ಬಂದ್ರಿ?" ಎಂದೆ. ನನ್ನ ಗಿರಾಕಿ ಬೇರೆಡೆ ಹೋದರೆ ನನಗೆ ಉರಿಯುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಶಿವಗಂಗವ್ವ ಕಾರಿನಿಂದ ಇಳಿದಳು. "ಸಿಟ್ಟಿಗೇಳಬ್ಯಾಡ್ರಿ ಅಣ್ಣಾರ. ಇಬ್ರಾಹಿಮ ಮಿಸ್ತ್ರಿ ಬಾಯಿ ಕೆಟ್ಟದ್ದು, ಆದ್ರ ಸುಳ್ಳ ಹೇಳಂಗಿಲ್ಲ ಅಂತ ನಮ್ಮ ಮನಿಯವರು ಅಂತಿದ್ರು. ಅದಕ್ಕ ಬಂದೀನಿ. ನೀವು ನೋಡ್ರಿ. ವೈರಿಂದಾದ್ರ ವೈರಿಂದು ಅನ್ರಿ. ಅವರದಾದ್ರ ಅವರದು ಅನ್ರಿ. ಯಾವ್ದರ ಒಂದು ನನಗ ಗೊತ್ತಾಗಬೇಕು."

"ಅವರದು ಅಂದ್ರ?"

"ಆವತ್ತ ಮುಂಜಾನಿ ಎದಿ ನೋವ ಅಂದ್ರು. ನಾ ಗ್ಯಾಸ್ ಇರ್ಬೇಕು ಅಂದೆ. ಅಜವಾನ ಕುದಿಸಿ ಕೊಟ್ಟೆ, ಸೋಡಾ ತರಿಸಿ ಕುಡಿಸಿದೆ. ಎರಡ ತಾಸ ನಾನ ತಿಂದೆ ಅಣ್ಣಾರ." ಅವಳು ಅಳಲಿಲ್ಲ. ಬಹಳ ಸಲ ಹೇಳಿಕೊಂಡು ಸವೆದುಹೋದ ಮಾತಿನಂತಿತ್ತು. "ಆ ಸಿಟ್ಟ ಅವರಿಗೆ ಇನ್ನಾ ಹೋಗಿಲ್ಲ. ಅದಕ್ಕ ನನ್ನ ಅಲ್ಲೇ ನಿಂದರಸ್ತಾರ. ಪ್ರತಿ ಅಮಾಸಿಗಿ ಪೂಜಾ ಮಾಡಿ, ಕಾಯಿ ಒಡದು, ತಪ್ಪಾತು ಅಂತ ಕೈ ಮುಗಿತೀನಿ. ಮರದಿನಾನ ಮತ್ತ ನಿಂದರಸ್ತಾರ."

ಸತ್ತವರಿಗೆ ಕ್ಲಚ್ಚು ಬ್ರೇಕು ಗೊತ್ತಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ. ಹಿಂದಿನ ದಿನವೇ ಅಮವಾಸ್ಯೆ ಆಗಿತ್ತು. ಕೆಟ್ಟದ್ದನ್ನು ಹಿಡಿಯಬೇಕಾದರೆ ಅದು ಕೆಡುವ ಜಾಗದಲ್ಲೇ ಹಿಡಿಯಬೇಕು. ಚೀಲ, ಟೆಸ್ಟ್ ಲ್ಯಾಂಪು ತೆಗೆದುಕೊಂಡು ನಾನೇ ಸ್ಟೇರಿಂಗಿಗೆ ಕುಳಿತೆ. ಜ್ಞಾನದೇವ ಪಕ್ಕದಲ್ಲಿ ಕುಳಿತ, ಶಿವಗಂಗವ್ವ ಹಿಂದೆ, ಮತ್ತೆ ಅದೇ ಕಿಟಕಿಯ ಕಡೆ.

ಹೊಲಗಳಲ್ಲಿ ಕಬ್ಬು ಕಡಿದು ಉಳಿದ ರವದಿ ಸುಟ್ಟ ಕಪ್ಪು. ಬಿಸಿಲಿಗೆ ರಸ್ತೆಯಲ್ಲಿ ನಾಯಿ ಕೂಡ ಇರಲಿಲ್ಲ. ಐದಾರು ಕಿಲೋಮೀಟರು ಕಾರು ಚೆನ್ನಾಗಿಯೇ ಓಡಿತು. ಹಾರ್ನ್ ಹೊಡೆದೆ, ಲೈಟು ಹಾಕಿ ಆರಿಸಿದೆ, ಎಲ್ಲವೂ ಸರಿ ಇತ್ತು. ಸೇತುವೆ ಹತ್ತಿರ ಬಂದಾಗ ಜ್ಞಾನದೇವ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡ. ರಸ್ತೆ ಸೇತುವೆಗೆ ಕೂಡುವಲ್ಲಿ ಒಂದು ಏರು, ಅದರ ಹಿಂದೆಯೇ ಗೇಣು ಆಳದ ತಗ್ಗು. ವೇಗ ಇಳಿಸಿದೆ. ಮುಂದಿನ ಚಕ್ರ ತಗ್ಗಿಗೆ ಬಿದ್ದು ಎದ್ದಿತು. ಎಂಜಿನ್ ಸತ್ತಿತು.

ನಾನು ಸಾವಿರ ಗಾಡಿ ನಿಂತದ್ದು ನೋಡಿದ್ದೇನೆ. ನಿಲ್ಲುವ ಗಾಡಿ ಕೆಮ್ಮುತ್ತದೆ, ಜಗ್ಗುತ್ತದೆ, ಕೊನೆಗೆ ಒಂದು ಕೆಂಪು ದೀಪವಾದರೂ ತೋರಿಸುತ್ತದೆ. ಇದರಲ್ಲಿ ಅದೊಂದೂ ಇಲ್ಲ. ಕೀಲಿ ತಿರುಗಿಸಿದೆ, ಟಿಕ್ ಅನ್ನಲಿಲ್ಲ. ಹಾರ್ನ್ ಒತ್ತಿದೆ, ಕಲ್ಲನ್ನು ಒತ್ತಿದಂತಾಯಿತು. ಕೆಳಗೆ ಕೆನಾಲಿನ ನೀರು ಹರಿಯುವ ಸದ್ದೊಂದೇ. ಆಗ ಹಿಂದಿನ ಸೀಟಿನಿಂದ ಶಿವಗಂಗವ್ವನ ದನಿ ಬಂತು, ಬಹಳ ಮೆತ್ತಗೆ.

"ಬಂದ್ರೇನ್ರಿ?"

ಅವಳು ನಮ್ಮೊಂದಿಗೆ ಮಾತಾಡಿದ್ದಲ್ಲ. ಮುಂದಿನ ಕನ್ನಡಿಯಲ್ಲಿ ನೋಡಿದೆ. ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು, ಯಾರೋ ಬಂದು ಕೂರಲು ಜಾಗ ಬಿಡುವವಳಂತೆ ಇನ್ನಷ್ಟು ಸರಿದಳು. ಏಪ್ರಿಲ್ ಬಿಸಿಲಿನಲ್ಲಿ ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಹಿಂದೆ ತಿರುಗಿ ಆ ಸೀಟನ್ನು ನೇರವಾಗಿ ನೋಡುವ ಧೈರ್ಯ ನನಗಾಗಲಿಲ್ಲ. ಬಾಗಿಲು ತೆರೆದು ಹೊರಗೆ ಬಂದುಬಿಟ್ಟೆ.

ಬಾನೆಟ್ ಎತ್ತಿದೆ. ಬ್ಯಾಟರಿ ನೋಡಿ ನನ್ನ ಸಿಟ್ಟು ಮರಳಿ ಬಂತು, ಅದರ ಜೊತೆ ಧೈರ್ಯವೂ ಬಂತು. ಬ್ಯಾಟರಿಯ ಮೇಲೆಲ್ಲ ಅರಿಶಿಣ, ಕುಂಕುಮ. ವೈರನ್ನು ಬ್ಯಾಟರಿಗೆ ಹಿಡಿದಿಡುವ ಕ್ಲಾಂಪಿನ ಸುತ್ತ ಹಸಿರು ಬಿಳಿ ಬಣ್ಣದ ಹೂವೆದ್ದಿತ್ತು. ಅದರ ಮೇಲೆ ಕರಿ ಇರುವೆ ಸಾಲುಗಟ್ಟಿದ್ದವು. ಬೆರಳು ಇಟ್ಟೆ, ಅಂಟಂಟು.

"ಕಾಯಿ ಎಲ್ಲಿ ಒಡದ್ರಿ ಅಕ್ಕಾರ?"

"ಟೈರಿನ ಮುಂದ. ನೀರು ಬ್ಯಾಟರಿಗಿ ಎರಿತೀನಿ. ಬ್ಯಾಟರಿ ಅಂದ್ರ ಗಾಡಿ ಜೀವ ಅಂತ ರಾಯಬಾಗದವ್ರ ಹೇಳಿದ್ರಲ್ಲ."

"ಜೀವಕ್ಕ ಕಾಯಿನೀರ ಎರೆದ ಜೀವಾನ ತಗದೀರಿ!" ಎಂದು ಕೂಗಿದೆ. "ಈ ನೀರು ಒಳಗ ಇಳಿದು, ಒಣಗಿ, ಕರೆಂಟ ಹೋಗೋ ದಾರಿ ಕಟ್ಟತೈತಿ. ತಗ್ಗಿನಾಗ ಧಡ್ ಅಂದ ಕೂಡ್ಲೆ ಕ್ಲಾಂಪು ಅಳ್ಳಾಡಿ ಪೂರ್ತಿ ಬಿಡತೈತಿ. ಅಳ್ಳಾಡಿಸಿದ್ರ ತಿಕ್ಕಿ ಮತ್ತ ಕೂಡತೈತಿ. ಅಮಾಸಿ ಅಲ್ಲ, ದೆವ್ವ ಅಲ್ಲ, ನಿಮ್ಮ ಪೂಜಾ ಇದು!"

ಜ್ಞಾನದೇವನಿಗೆ ಜೀವ ಬಂದಂತಾಯಿತು, ನಕ್ಕೇಬಿಟ್ಟ. ನಾನು ಪಾನಾ ಹಾಕಿ ಕ್ಲಾಂಪು ಬಿಚ್ಚಿದೆ. ಅದನ್ನು ಎತ್ತುವಾಗ ಒಳಗಿಂದ ಮಡಚಿದ ಒಂದು ತಗಡಿನ ಚೂರು ಜಾರಿ ನನ್ನ ಅಂಗೈಗೆ ಬಿತ್ತು. ತುಕ್ಕು ಹಿಡಿದಿತ್ತು. ಬಿಡಿಸಿದೆ. ಮಡಿಕೆಯ ಒಳಗೆ ಅರ್ಧ ಗುಲಾಬಿ ಹೂವಿನ ಚಿತ್ರ.

ಆ ಹೂವು ನನ್ನ ಮನೆಯದು. ನನ್ನ ಹೆಂಡತಿ ಬೇಗಂಬಿಯ ಹಳೆಯ ಪೌಡರ್ ಡಬ್ಬಿ. ಕಳೆದ ದಸರೆಯಲ್ಲಿ, ಖಂಡೆಪೂಜೆಯ ದಿನ, ಜಕ್ಕಪ್ಪ ಹೊಸ ಬ್ಯಾಟರಿ ಹಾಕಿಸಲು ಬಂದಿದ್ದ. ಅಂಗಡಿಯ ಮುಂದೆ ಹದಿನೈದು ಗಾಡಿ, ಎಲ್ಲರಿಗೂ ಪೂಜೆಯ ಮೊದಲೇ ಬೇಕು. ಕಾರಿನ ಕ್ಲಾಂಪು ಮುಗಿದಿತ್ತು. ಸ್ಪೇರ್ ಪಾರ್ಟಿನ ಅಂಗಡಿಗಳೆಲ್ಲ ಪೂಜೆಗೆ ಬಾಗಿಲು ಹಾಕಿದ್ದವು. ಟ್ರ್ಯಾಕ್ಟರಿನ ದೊಡ್ಡ ಕ್ಲಾಂಪು ಹಾಕಿ, ಸಡಿಲಾದದ್ದಕ್ಕೆ ಆ ಡಬ್ಬಿಯ ತಗಡು ಕತ್ತರಿಸಿ ಮಡಚಿ ತುರುಕಿದ್ದೆ. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರೆ. ಎರಡು ದಿನ ಬಿಟ್ಟು ಬಾ, ಬದಲಿಸಿ ಕೊಡುತ್ತೇನೆ ಎಂದಿದ್ದೆ. ಅವನು ಬರಲಿಲ್ಲ. ನಾನು ಕರೆಯಲಿಲ್ಲ.

"ಏನ್ರಿ ಅದು?" ಎಂದ ಜ್ಞಾನದೇವ.

"ಏನಿಲ್ಲ, ಕಸ." ಮುಷ್ಟಿ ಮುಚ್ಚಿದೆ. ತಪ್ಪಿಸಿಕೊಂಡೆ ಎಂದು ನನ್ನ ಮನಸ್ಸು ಹೇಳಿತು. ಹೌದು, ಹೇಳಿತು. ಕಾಯಿನೀರು ಸಾಕಾಗಿತ್ತು, ಯಾರೂ ಇನ್ನೇನೂ ಕೇಳುತ್ತಿರಲಿಲ್ಲ.

ಆದರೆ ಶಿವಗಂಗವ್ವ ಲೆಕ್ಕ ಹಾಕುತ್ತಿದ್ದಳು. ಸೇತುವೆಯ ಕಟ್ಟೆ ಹಿಡಿದು ನಿಂತು ಕೇಳಿದಳು. "ಅಣ್ಣಾರ, ಆವತ್ತ ಅವರನ್ನ ಒಯ್ಯೂ ಮುಂದ ನಾ ಪೂಜಾ ಶುರುಮಾಡಿದ್ದಿಲ್ಲ. ಬ್ಯಾಟರಿಗಿ ನೀರ ಎರೆದಿದ್ದಿಲ್ಲ. ಆವತ್ತೂ ಗಾಡಿ ಇಲ್ಲೇ ನಿಂತಿತ್ತು. ಅಳ್ಳಾಡಿಸಿದ್ರ ಚಾಲೂ ಆಗತೈತಿ ಅಂತ ಆಗ ಗೊತ್ತಿದ್ದಿಲ್ಲ, ಅರ್ಧ ತಾಸ ಯಾರೂ ಬರಲಿಲ್ಲ. ಕಬ್ಬಿನ ಟ್ರ್ಯಾಕ್ಟರ ಬರೂದ್ರಾಗ ಎಲ್ಲಾ ಮುಗಿದಿತ್ತು. ಆವತ್ತ ಯಾಕ ನಿಂತು?"

ಉತ್ತರವನ್ನೂ ಅವಳೇ ಹೇಳಿದಳು. "ಎರಡ ತಾಸ ನಾ ತಡಾ ಮಾಡಿದ್ದಕ್ಕ ದೇವರ ನಿಂದರಿಸಿದಾ. ಅಷ್ಟ ಅಲ್ಲೇನ್ರಿ?"

ಸುಳ್ಳು ಹೇಳುವುದಿಲ್ಲ ಎಂದು ಸತ್ತವನು ನನ್ನ ಬಗ್ಗೆ ಹೇಳಿಹೋಗಿದ್ದ. ಮುಷ್ಟಿ ಬಿಚ್ಚಿದೆ. ತಗಡು ತೋರಿಸಿದೆ. ಟ್ರ್ಯಾಕ್ಟರ್ ಕ್ಲಾಂಪು, ಪೌಡರ್ ಡಬ್ಬಿ, ಖಂಡೆಪೂಜೆಯ ಅವಸರ, ಆವತ್ತು ತಗ್ಗಿನ ಏಟಿಗೆ ತಗಡು ಜಾರಿ ಕರೆಂಟು ಬಿಟ್ಟದ್ದು, ಎಲ್ಲವನ್ನೂ ಹೇಳಿದೆ. "ಆ ಅರ್ಧ ತಾಸು ನಂದು ಅಕ್ಕಾರ. ಅವರದೂ ಅಲ್ಲ, ದೇವರದೂ ಅಲ್ಲ."

ಜ್ಞಾನದೇವ ನನ್ನ ಅಂಗಿ ಹಿಡಿದು ಕಟ್ಟೆಗೆ ನೂಕಿದ. "ಲೇ, ನಮ್ಮ ಅಣ್ಣನ್ನ ತಿಂದಿಯಲ್ಲೋ!" ನಾನು ಕೈ ಎತ್ತಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ.

"ಬಿಡು ಜ್ಞಾನದೇವ," ಎಂದಳು ಶಿವಗಂಗವ್ವ. ನನ್ನ ಮೇಲೆ ಅವಳಿಗೆ ಸಿಟ್ಟು ಬಂದಿರಲಿಲ್ಲ. ನನ್ನನ್ನು ಅವಳು ನೋಡುತ್ತಲೂ ಇರಲಿಲ್ಲ. ಖಾಲಿ ಸೀಟನ್ನು ನೋಡುತ್ತಿದ್ದಳು. "ಹಂಗಾರ ಅವರು ಒಂದ ಸಲಾನೂ ಬಂದಿಲ್ಲೇನ್ರಿ?"

ಆರು ತಿಂಗಳು ಅವಳು ಗಂಡನ ಸಿಟ್ಟಿಗೆ ಹೆದರಿದ್ದಳು. ಆದರೆ ಸಿಟ್ಟು ಮಾಡುವುದಕ್ಕಾದರೂ ಗಂಡ ಬರುತ್ತಿದ್ದ. ಈಗ ಅದನ್ನೂ ನಾನು ಕಸಿದುಕೊಂಡಿದ್ದೆ.

ಚೀಲದಲ್ಲಿ ಕಾರಿನ ಹೊಸ ಕ್ಲಾಂಪು ಇತ್ತು. ನೀರು ಸುರಿದು ತೊಳೆದು, ಉಸುಕಿನ ಕಾಗದದಿಂದ ಬ್ಯಾಟರಿಯ ಸೀಸದ ಗೂಟ ಹೊಳೆಯುವ ತನಕ ತಿಕ್ಕಿ, ಬಿಗಿಮಾಡಿ, ಗ್ರೀಸ್ ಹಚ್ಚಿದೆ. ಅಷ್ಟು ನಿಗಾದಿಂದ ನಾನು ಹಿಂದೆಂದೂ ಕೆಲಸ ಮಾಡಿರಲಿಲ್ಲ. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಹಿಡಿಯಿತು. ಜ್ಞಾನದೇವ ನನ್ನ ಜೊತೆ ಕೂರಲು ಒಪ್ಪದೆ ರಸ್ತೆಯಲ್ಲೇ ಉಳಿದ. ಶಿವಗಂಗವ್ವ ಹತ್ತಿದಳು.

"ಪೂಲಿನ ಮ್ಯಾಲ ಹೊಡೀರಿ," ಎಂದಳು.

ತಗ್ಗು ದಾಟಿ, ಸೇತುವೆ ದಾಟಿ, ಆಚೆ ತಿರುಗಿಸಿದೆ. ಕಾರು ನಿಲ್ಲಲಿಲ್ಲ.

"ಇನ್ನೊಮ್ಮೆ."

ಮತ್ತೆ ದಾಟಿದೆ. ನಿಲ್ಲಲಿಲ್ಲ. ಮೂರನೇ ಸಲ ತಗ್ಗಿಗೆ ಬೇಕೆಂದೇ ಜೋರಾಗಿ ಬೀಳಿಸಿದೆ, ಲೈಟು ಒಂದಿಷ್ಟೂ ಮಿಣುಕಲಿಲ್ಲ. ಕನ್ನಡಿಯಲ್ಲಿ ಕಂಡಳು. ಪ್ರತಿ ಸಲ ಸೇತುವೆ ಬಂದಾಗ ಖಾಲಿ ಸೀಟಿನ ಕಡೆ ತಿರುಗುವಳು, ದಾಟಿದ ಮೇಲೆ ಮುಂದೆ ನೋಡುವಳು.

"ಇದೊಂದ ಸಲ ಅಣ್ಣಾರ."

ನಾಲ್ಕನೇ ಸಲ ಸೇತುವೆಯ ಏರು ಬಂತು. ನನಗೇನಾಯಿತೋ ತಿಳಿಯದು. ತಗ್ಗಿನಲ್ಲಿ ಚಕ್ರ ಬಿದ್ದ ಕ್ಷಣ ನನ್ನ ಬಲಗೈ ತಾನೇ ಹೋಗಿ ಕೀಲಿಯನ್ನು ಹಿಂದಕ್ಕೆ ತಿರುಗಿಸಿತು. ಎಂಜಿನ್ ಸತ್ತಿತು. ಕೆಳಗೆ ನೀರಿನ ಸದ್ದು ಕೇಳಿಸಿತು. ಹಿಂದೆ ಅವಳು ಸರಿದು ಕೂರಲಿಲ್ಲ.

"ಬ್ಯಾಡ್ರಿ ಅಣ್ಣಾರ," ಎಂದಳು. ಈಗ ಅವಳು ಅಳುತ್ತಿದ್ದಳು. "ಕೀಲಿ ಸಪ್ಪಳ ಕೇಳಿಸ್ತು. ಚಾಲೂ ಮಾಡ್ರಿ."