ಮಂಜಿಗೆ ಅಂಕವಿಲ್ಲ

ಪಿ.ಟಿ. ಮೇಷ್ಟ್ರು ನಟರಾಜ್ ಲೆಕ್ಕ ಹಾಕಿದರೆ ಬ್ರಹ್ಮ ಬಂದರೂ ತಿದ್ದಲಾರ ಎಂಬ ಮಾತು ಸಕಲೇಶಪುರದ ಆ ಗುಡ್ಡದ ಮೇಲಿನ ಹೈಸ್ಕೂಲಿನಲ್ಲಿ ಹುಟ್ಟಿ ಒಂದು ವರ್ಷವಾಗಿತ್ತು.

ಕ್ರೀಡಾ ಹಾಸ್ಟೆಲಿಗೆ ಶಾಲೆಯಿಂದ ವರ್ಷಕ್ಕೊಬ್ಬ ಬ್ಯಾಸ್ಕೆಟ್‌ಬಾಲ್ ಹುಡುಗಿಯನ್ನು ಕಳಿಸಬೇಕು. ಹೋದ ವರ್ಷ ದೊಡ್ಡವರ ಶಿಫಾರಸು ಹಿಡಿದು ಒಬ್ಬರು ಮಗಳನ್ನು ಕೂರಿಸಿಕೊಂಡು ಕಾರಿನಲ್ಲಿ ಬಂದಿದ್ದರು. ನಟರಾಜ್ ಆ ಕಾಗದವನ್ನು ಮಡಚಿ ಅವರ ಕೈಗೇ ಕೊಟ್ಟು, ತನ್ನ ಲೆಕ್ಕವನ್ನು ಮುಂದಿಟ್ಟಿದ್ದ. ಬೆಂಗಳೂರಿನ ಶಿಬಿರವೊಂದರಲ್ಲಿ ಕಲಿತು ಬಂದ ಪದ್ಧತಿ. ಹಾಕಿದ ಬ್ಯಾಸ್ಕೆಟ್ ಮಾತ್ರವಲ್ಲ. ಬಡಿದು ವಾಪಸು ಬಂದಾಗ ಹಿಡಿದ ರಿಬೌಂಡು, ಕೊಟ್ಟ ಪಾಸು, ಕಳಕೊಂಡ ಚೆಂಡು, ಆ ಹುಡುಗಿ ಅಂಕಣದಲ್ಲಿದ್ದಾಗ ತಂಡ ಎಷ್ಟು ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು, ಎಲ್ಲವನ್ನೂ ಕೂಡಿ ಕಳೆದು ಆಡಿದ ನಿಮಿಷಗಳಿಂದ ಭಾಗಿಸಿ ಒಂದೇ ಸಂಖ್ಯೆಗೆ ಇಳಿಸುವುದು. ಜಾತಿಗೆ, ದುಡ್ಡಿಗೆ, ಪರಿಚಯಕ್ಕೆ ಅದರಲ್ಲಿ ಜಾಗವಿರಲಿಲ್ಲ. ಕಾರು ಬಂದ ದಾರಿಯಲ್ಲೇ ಹೋಯಿತು.

ಈ ವರ್ಷ ಉಳಿದವರು ಇಬ್ಬರು, ಇಬ್ಬರೂ ಹತ್ತನೇ ಕ್ಲಾಸು. ಒಬ್ಬಳು ವನಗೂರಿನ ಎಸ್ಟೇಟಿನ ರಂಗಸ್ವಾಮಿಯವರ ಮಗಳು ಮಾನಸ. ಇನ್ನೊಬ್ಬಳು ಪಾಳ್ಯದ ರೈತ ತೋಟಪ್ಪನ ಮಗಳು ಶಿವಲೀಲಾ. ತೋಟಪ್ಪ ಯಾವುದನ್ನೂ ಮುಚ್ಚಿಟ್ಟು ಮಾತಾಡುವವನಲ್ಲ. ಜೂನ್ ತಿಂಗಳಲ್ಲೇ ಬಂದು ಹೇಳಿ ಹೋಗಿದ್ದ.

"ಹಾಸ್ಟೆಲು ಸಿಕ್ರೆ ಓದ್ಸೋದು ಮೇಷ್ಟ್ರೇ. ಇಲ್ದಿದ್ರೆ ಅವಳ ಸೋದರಮಾವ ಮಗನಿಗೆ ಕೇಳ್ತಾ ಅವ್ನೆ, ಬೇಸಿಗೇಲಿ ಮದ್ವೆ ಮಾಡಿ ಮುಗಿಸ್ಬುಡ್ತೀನಿ. ನಿಮ್ಮ ಲೆಕ್ಕ ಐತಲ್ಲ, ಅದೇ ನಮ್ಮಂತೋರಿಗೆ ಶಿಫಾರಸು."

ಅಂದು ಆ ಮಾತು ಕೇಳಿ ನಟರಾಜನ ಎದೆ ಉಬ್ಬಿತ್ತು.

ಎಡವಟ್ಟು ಅವನಿಗೆ ಕಂಡಿದ್ದು ಆಗಸ್ಟಿನ ಕೊನೆಯ ಪಂದ್ಯದಲ್ಲಿ, ಹಾಸನದ ತಂಡದ ಎದುರು. ಎಂದಿನಂತೆ ಮೂರಕ್ಕೆ ಆಟ ಶುರುವಾಯಿತು. ಎಂದಿನಂತೆ ಮೊದಲರ್ಧ ಮುಗಿಯುವಾಗ ಗೇಟಿನ ಬಳಿ ಜೀಪು ಹಾರ್ನ್ ಮಾಡಿತು. ವನಗೂರಿನ ತಿರುವುಗಳಲ್ಲಿ ಮಂಜು ಕೂತರೆ ಜೀಪಿನ ಮೂತಿಯೇ ಕಾಣುವುದಿಲ್ಲ. ಆ ಕಡೆಯ ಮಕ್ಕಳನ್ನು ಬೇಗ ಬಿಡುವುದು ಶಾಲೆ ಕಟ್ಟಿದಾಗಿನಿಂದ ಬಂದ ರೂಢಿ. ಮಾನಸ ಟವೆಲು ಹೆಗಲಿಗೆ ಹಾಕಿಕೊಂಡು, "ಲೀಲಾ, ಇನ್ನು ನೀನುಂಟು, ನಿನ್ನ ಮಂಜುಂಟು ಕಣೇ," ಎಂದು ನಕ್ಕು ಹೊರಟಳು.

ಪಾಳ್ಯಕ್ಕೆ ಹೈವೇಯಲ್ಲಿ ಕತ್ತಲಾದರೂ ಬಸ್ಸು. ಹಾಗಾಗಿ ಶಿವಲೀಲಾ ಉಳಿದಳು, ಎಂದಿನಂತೆ.

ಸ್ವಲ್ಪ ಹೊತ್ತಿಗೆ ಕಣಿವೆಯಿಂದ ಮಂಜು ಹತ್ತಿ ಬಂತು. ಆಚೆ ತುದಿಯ ಬ್ಯಾಸ್ಕೆಟ್ಟಿನ ಬಳೆ ಮಾಯವಾಯಿತು. ಚೆಂಡು ನೆನೆದ ಸೋಪಿನ ಹಾಗೆ ಕೈಯಿಂದ ಜಾರತೊಡಗಿತು. ನಟರಾಜನಿಗೆ ಬರೀ ಶಿವಲೀಲಾಳ ಗಂಟಲು ಕೇಳುತ್ತಿತ್ತು: "ಪದ್ಮಾ, ಎಡಕ್ಕೆ. ನಿಂಗಿ, ಹಿಂದೆ ಬಾರೇ, ನಾನಿಲ್ಲಿದೀನಿ." ಉಳಿದ ನಾಲ್ವರು ಆ ದನಿ ಹಿಡಿದುಕೊಂಡು ಓಡುತ್ತಿದ್ದರು. ಹಾಸನದ ಹುಡುಗಿಯರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಮೊದಲರ್ಧದ ಮುನ್ನಡೆ ಕರಗುತ್ತ ಕರಗುತ್ತ ಕೊನೆಗೆ ಒಂದು ಬ್ಯಾಸ್ಕೆಟ್ಟಿನಷ್ಟು ಉಳಿಯಿತು. ಗೆದ್ದರು.

ಮೇಜಿನ ಬಳಿ ಅಂಕ ಬರೆಯುತ್ತಿದ್ದ ಗುಮಾಸ್ತ ಚಲುವಯ್ಯ, "ಲೀಲಾ ಇವತ್ತೂ ಸುಮಾರು ಚೆಂಡು ಬಿಟ್ಳು ಸಾರ್," ಎಂದ.

ನಟರಾಜ್ ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟ. ಮಾನಸ ಆಡಿದ್ದೆಲ್ಲ ಒಣ ಚೆಂಡಿನಲ್ಲಿ. ಶಿವಲೀಲಾಳ ಅರ್ಧ ಆಟವೆಲ್ಲ ಮಂಜಿನಲ್ಲಿ. ಲೆಕ್ಕದ ಕಣ್ಣಿಗೆ ನಿಮಿಷವೆಂದರೆ ನಿಮಿಷ. ಹುಟ್ಟಿದಾಗಿನಿಂದ ಈ ಮಂಜನ್ನು ಉಸಿರಾಡಿದವನು ಅವನು. ಅದಕ್ಕೇ ಅದು ಲೆಕ್ಕಕ್ಕೆ ಬರಬೇಕಾದ ವಸ್ತು ಎಂದು ಹೊಳೆದೇ ಇರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಬಸ್‌ಸ್ಟ್ಯಾಂಡಿನ ಕಂಪ್ಯೂಟರ್ ಸೆಂಟರಿನಲ್ಲಿ ಕೂತ. ಎರಡನೇ ಅರ್ಧಕ್ಕೆ ಸ್ವಲ್ಪ ಹೆಚ್ಚು ತೂಕ ಕೊಟ್ಟು ನೋಡಿದ: ಮಾನಸಳೇ ಮೇಲೆ. ಇನ್ನಷ್ಟು ಕೊಟ್ಟ: ಶಿವಲೀಲಾ ಮೇಲೆ. ಮತ್ತೆ ಇಳಿಸಿದ, ಮತ್ತೆ ಮಾನಸ. ಎಷ್ಟು ತೂಕ ಸರಿ ಎಂದು ಹೇಳುವವರು ಯಾರು? ಮಂಜಿಲ್ಲದೆ ಶಿವಲೀಲಾ, ಮಂಜಿನಲ್ಲಿ ಮಾನಸ ಹೇಗೆ ಆಡುತ್ತಿದ್ದರೆಂದು ಯಾವ ಪದ್ಧತಿಯೂ ಹೇಳಲಾರದು. ಅಂಥ ಆಟ ನಡೆದೇ ಇಲ್ಲ. ಮಂಜಿನಲ್ಲಿ ಕೂಗಿ ಕರೆದದ್ದಕ್ಕೆ ಎಷ್ಟು ಅಂಕ? ಬೆರಳು ತಾಗಿಸಿದರೆ ಸಂಖ್ಯೆ ಯಾರ ಕಡೆಗಾದರೂ ವಾಲುತ್ತಿತ್ತು. ಹೋದ ವರ್ಷ ಕಾರಿನಲ್ಲಿ ವಾಪಸು ಹೋದ ಹುಡುಗಿಯ ಮುಖ ನೆನಪಾಯಿತು. ಅವಳೂ ಎಂಥ ಆಟಗಾರ್ತಿಯೋ.

ಹೆಡ್‌ಮಾಸ್ಟರ್ ಸಿದ್ದಬಸಪ್ಪನವರು ಕೇಳಿ ಕನ್ನಡಕ ತೆಗೆದರು.

"ಮಂಜಿಗೆ ಅಂಕ ಕೊಡ್ತೀರೇನ್ರೀ?"

"ಕೊಡಬೇಕು ಸಾರ್. ಇಲ್ಲದಿದ್ರೆ ಆ ಮಗೂಗೆ ಅನ್ಯಾಯ."

"ಕಣ್ಣಿಗೆ ಕಂಡಿದ್ದನ್ನ ಹೇಳ್ತಿದೀರ. ಸರಿ, ಇರಬಹುದು. ಹೋದ ವರ್ಷ ಬಂದೋರೂ ನಮ್ಮ ಹುಡುಗಿ ಆಟ ಕಣ್ಣಾರೆ ನೋಡಿ ಅಂತ್ಲೇ ಅಂದ್ರು. ಕಣ್ಣು ಬೇಡ, ಲೆಕ್ಕ ನೋಡಿ ಅಂದೋರು ಯಾರು? ನೀವೇ. ಈಗ ಲೆಕ್ಕ ಬಿಟ್ರೆ ನಾಳೆ ಬೆಳಗ್ಗೆ ಗೇಟಲ್ಲಿ ಹತ್ತು ಕಾರು ನಿಂತಿರ್ತವೆ. ಅದರಲ್ಲಿ ತೋಟಪ್ಪಂದು ಒಂದೂ ಇರಲ್ಲ ಮಾರಾಯ."

ನಟರಾಜ್ ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗಿಟ್ಟ. ಒಂದೂ ಇರುವುದಿಲ್ಲ, ಅದು ನಿಜ.

ಶನಿವಾರ ಇಬ್ಬರು ತಂದೆಯರನ್ನೂ ಕರೆಸಿದರು. ರಂಗಸ್ವಾಮಿಯವರು ಜಗಲಿಯ ಒಂದು ಕಡೆ ನಿಂತು, ತಾನು ಯಾರಿಗೂ ಒಂದು ಮಾತು ಹೇಳಿಸಿಲ್ಲ ಎಂದರು. ಅದೂ ನಿಜವೇ. ತೋಟಪ್ಪ ಒಗೆದ ಪಂಚೆ ಉಟ್ಟು, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದ. ನಟರಾಜ್ ಹಳೆಯ ಲೆಕ್ಕದ ಸಂಖ್ಯೆಗಳನ್ನೇ ಓದಿದ. ಮಾನಸ ಮೇಲೆ, ವ್ಯತ್ಯಾಸ ಅಕ್ಕಿಕಾಳಿನಷ್ಟು.

ತೋಟಪ್ಪ ಕೇಳಿದ.

"ಲೆಕ್ಕ ನೀವೇ ಹಾಕಿದ್ದಾ ಮೇಷ್ಟ್ರೇ?"

"ಹ್ಞೂಂ."

"ಹಂಗಾದ್ರೆ ಸರಿ ಬುಡಿ. ಬೇರೆ ಯಾರಾರ ಹಾಕಿದ್ರೆ ಮೋಸ ಅಂತಿದ್ದೆ." ಮಗಳ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳಿಸ್ಕೊಂಡ್ಯಾ? ಯಾರೂ ಕಿತ್ಕೊಂಡಿಲ್ಲ. ನೀನೇ ಕಮ್ಮಿ ಬಿದ್ದೆ. ಇನ್ನು ಮಾವನ ಮುಂದೆ ಅದು ಇದು ಅನ್ನಂಗಿಲ್ಲ."

ಶಿವಲೀಲಾ ತಲೆಯಾಡಿಸಿದಳು. ಆಮೇಲೆ ಕೇಳಿದಳು, "ಎಲ್ಲಿ ಕಮ್ಮಿಯಾಯ್ತು ಸಾರ್?"

ಮಂಜು ಎನ್ನೋಣವೆಂದು ನಟರಾಜ್ ಬಾಯಿ ತೆರೆದ. ಅಂದರೆ ತೋಟಪ್ಪ ಕೇಳುತ್ತಾನೆ, ಹಂಗಾದ್ರೆ ಲೆಕ್ಕ ಸುಳ್ಳಾ ಎಂದು. ಹೌದೆಂದರೆ ಮುಂದಿನ ವರ್ಷದ ತೋಟಪ್ಪನಿಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

"ಚೆಂಡು ಜಾಸ್ತಿ ಕಳ್ಕೊಂಡೆ ಕಣಮ್ಮ," ಎಂದ.

"ಹೌದು ಸಾರ್. ಜಾರ್ತಿತ್ತು." ತನ್ನದೇ ತಪ್ಪೆಂಬಂತೆ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡಳು.

ಶಾಲೆ ಆಡಲು ಕೊಟ್ಟಿದ್ದ ಬೂಟುಗಳನ್ನು ಚೀಲದಿಂದ ತೆಗೆದು ಅವನ ಕಾಲ ಬಳಿ ಇಟ್ಟಳು. ತೊಳೆದು, ಸೀಮೆಸುಣ್ಣ ಬಳಿದು ತಂದಿದ್ದಳು. ಹಾಸ್ಟೆಲಿಗೆ ಹಾಕಿಕೊಂಡು ಹೋಗಲೆಂದೇ ಇರಬೇಕು.

"ಇಟ್ಕೋ," ಎಂದ ನಟರಾಜ್.

"ಬ್ಯಾಡ ಮೇಷ್ಟ್ರೇ," ಎಂದ ತೋಟಪ್ಪ. "ಆಡೋ ಮಕ್ಳಿಗೆ ಆಯ್ತದೆ."

ಇಬ್ಬರೂ ಗುಡ್ಡದ ಮೆಟ್ಟಿಲು ಇಳಿದರು. ಕೆಳಗೆ ಆಗಲೇ ಮಂಜು ಕವಿದು ಬಿಳಿಚಿಕೊಂಡಿತ್ತು. ಮೊದಲು ಪಂಚೆ ಕಾಣದಾಯಿತು, ಆಮೇಲೆ ಜಡೆ. ಶಿವಲೀಲಾ ಅಪ್ಪನಿಗೆ ಹೇಳುವುದು ಕೇಳಿಸಿತು, "ಎಡಕ್ಕೆ ಬಾಪ್ಪ, ಅಲ್ಲಿ ಕಲ್ಲು ಕಿತ್ತೈತೆ."