ಗೋಡೆಗೆ ಬಂದ ಹೆಸರು

ಸರೋವರದ ದಂಡೆಯ ಬೇಸಿಗೆ ಮನೆಯಲ್ಲಿ, ಹಿಡಿದ ದೊಡ್ಡ ಬಾಸ್ ಮೀನನ್ನು ಗೋಡೆಗೆ ಒತ್ತಿ, ಸುತ್ತ ಪೆನ್ಸಿಲ್ ಗೆರೆ ಎಳೆದು ಹೆಸರು ಬರೆಯುವುದು ಆ ಕುಟುಂಬದ ರೂಢಿ. ಇಪ್ಪತ್ತು ವರ್ಷದಿಂದ ಎಲ್ಲಕ್ಕೂ ದೊಡ್ಡದು ಆರ್ವಿಲ್‌ನದೇ. ಅದಕ್ಕಿಂತ ದೊಡ್ಡದನ್ನು ಅವನ ಅಣ್ಣ ವರ್ನರ್ ದೋಣಿಯವರೆಗೆ ಎಳೆದಿದ್ದಾಗ, ಆರ್ವಿಲ್ ಬೇಕೆಂದೇ ಕೈಬಲೆಯಿಂದ ಗಾಳದ ದಾರಕ್ಕೆ ಬಡಿದು ಮೀನು ತಪ್ಪಿಸಿದ್ದನ್ನು ವರ್ನರ್‌ನ ಹೆಂಡತಿ ಸಿಗ್ನೆ ಕಣ್ಣಾರೆ ಕಂಡಿದ್ದಳು. ಕಳೆದ ಚಳಿಗಾಲದಲ್ಲಿ ವರ್ನರ್ ದೇವರ ಪಾದ ಸೇರಿದ.

ಇಂದು ಸಿಗ್ನೆ ತಾನೇ ಹಿಡಿದು ಗೋಡೆಗೆ ಒತ್ತಿದ ಮೀನು ಆರ್ವಿಲ್‌ನ ಗೆರೆಗಿಂತ ಎರಡು ಬೆರಳು ಉದ್ದವಿತ್ತು.

"ಭಲೇ ಅತ್ತಿಗೆ! ನಿಮ್ಮ ಹೆಸರು ಬರೀಲಾ?" ಎಂದ ಆರ್ವಿಲ್.

"ನಿಮ್ಮಣ್ಣನ ಹೆಸರು ಬರಿ."

"ಸತ್ತೋರು ಮೀನು ಹಿಡೀತಾರಾ?"

"ಬದುಕಿದ್ದಾಗ್ಲೇ ಹಿಡಿದಿದ್ರು. ಹೇಗೆ ತಪ್ಪಿತು ಅಂತ ಹೊರಗೆ ಆಡ್ತಿರೋ ಮಕ್ಕಳನ್ನ ಕರೆದು ಹೇಳ್ಲಾ?"

ಆರ್ವಿಲ್ ಬರೆದ. ಅಕ್ಷರ ಸಣ್ಣದಾಯಿತೆಂದು ಸಿಗ್ನೆ ಅಳಿಸಿ ಮತ್ತೆ ಬರೆಸಿದಳು.